ಒಂದು ಹಿಡಿ ಉಪ್ಪು

ಅವಧಿ ಮುಗಿಯುವ ಮೊದಲೇ ನೌಕರಿ ಯಾಕೆ ಬಿಟ್ಟೆ ಎಂದು ಮೊಮ್ಮಕ್ಕಳು ನೀವಿಬ್ಬರೂ ಕೇಳಿದಾಗಲೆಲ್ಲ ನಾನು ಕೈ ಮುಂದೆ ಚಾಚಿ ಸುಮ್ಮನಾಗಿದ್ದೇನೆ. ಬೆರಳಿನ ಗೆಣ್ಣುಗಳು ಬಾತಿರುವುದು ನಿಮಗೆ ಕಾಣಿಸುತ್ತದೆ, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಆದರೆ ಅದು ಅರ್ಧ ಉತ್ತರ. ಉಳಿದ ಅರ್ಧವನ್ನು ಎದುರಿಗೆ ಕೂತು ಹೇಳುವುದು ನನ್ನಿಂದ ಆಗದು. ಊರ ಮಂದಿಯ ಮಾತು ಹಾಗಿರಲಿ, ಹೆತ್ತ ಮಗನ ಮುಂದೆಯೂ ನನಗೆ ಮಾತು ನೆಟ್ಟಗೆ ಹೊರಡುವುದಿಲ್ಲ. ಹುಲಿಹೈದರದ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದೆಯಲ್ಲ, ಅದನ್ನೇ ನಂಬಿಕೊಂಡು ನಿಮ್ಮಲ್ಲಿ ಸಣ್ಣವನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಬಿಸಿಲೇರಿದ ಮೇಲಷ್ಟೇ ನನ್ನ ಬೆರಳು ಪೆನ್ನಿಗೆ ಬಾಗುತ್ತವೆ, ಹಾಗಾಗಿ ದಿನಕ್ಕೆ ಒಂದು ಪುಟ, ಹೆಚ್ಚೆಂದರೆ ಒಂದೂವರೆ.

ನಿಮ್ಮ ಅಜ್ಜ ಯಲಬುರ್ಗಾದ ಒಂದು ಹುಡುಗರ ಹಾಸ್ಟೆಲಿನಲ್ಲಿ ಅಡುಗೆಯವರಾಗಿದ್ದರು. ಅವರು ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದ. ಅನುಕಂಪದ ನೌಕರಿ ಎಂದು ಸರಕಾರ ನನಗೂ ಅದೇ ಕೆಲಸ ಕೊಟ್ಟಿತು. ಮೊದಲು ಕುಷ್ಟಗಿಯಲ್ಲಿದ್ದೆ, ಆಮೇಲೆ ಗಂಗಾವತಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂದೆ. ಎಪ್ಪತ್ತು ಹುಡುಗಿಯರು, ಐದನೆಯ ತರಗತಿಯಿಂದ ಹತ್ತನೆಯವರೆಗೆ. ನನ್ನಂಥ ನಾಚಿಕೆಯ ಹೆಂಗಸಿಗೆ ಅಡುಗೆಮನೆಯಷ್ಟು ಒಳ್ಳೆಯ ಕಚೇರಿ ಇನ್ನೊಂದಿಲ್ಲ. ಅಲ್ಲಿ ಮುಖ ಒಲೆಯ ಕಡೆ, ಬೆನ್ನು ಮಂದಿಯ ಕಡೆ. ಯಾರಾದರೂ ಏನಾದರೂ ಕೇಳಿದರೆ ಒಗ್ಗರಣೆ ಚಟಪಟ ಅನ್ನುತ್ತದೆ, ಕೇಳಿಸಲಿಲ್ಲ ಎಂದು ಸುಮ್ಮನಿರಬಹುದು.

ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಅತ್ತೆ, ಅಂದರೆ ನಿಮ್ಮ ಅಪ್ಪನ ಅಜ್ಜಿ, ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುತ್ತಿದ್ದವಳು. ಅವಳ ಒಲೆಯ ಹತ್ತಿರ ಸೌಟಿನಿಂದ ಅಂಗೈಗೆ ಹನಿಸಿಕೊಂಡು ನೆಕ್ಕಿ ನೋಡುವ ಮಾತೇ ಇರಲಿಲ್ಲ. "ಉಣ್ಣೋರಕಿಂತ ಮೊದಲ ಅಡಗಿ ಮಾಡಾಕಿ ನಾಲಿಗಿ ಹತ್ತಿದ್ರ ಅದು ಎಂಜಲ ಆತು" ಎನ್ನುತ್ತಿದ್ದಳು. "ನಾಲಿಗಿಗೆ ಕೇಳಿ ಉಪ್ಪ ಹಾಕಾಕಿ ಅಡಗಿಯಾಕಿ ಅಲ್ಲ. ಕೈಗೆ ಕೇಳಬೇಕು." ನಾನು ಕೈಗೆ ಕೇಳುವುದನ್ನು ಕಲಿತೆ. ನಾಲ್ಕು ಜನರ ಸಾರಿಗೆ ಮೂರು ಬೆರಳಿನ ಚಿಟಿಕೆ, ಎಪ್ಪತ್ತು ಮಂದಿಯ ಸಾರಿಗೆ ಹರಳುಪ್ಪು ಮೂರು ಹಿಡಿ, ಅನ್ನದ ಜೊತೆಗಿನ ಪಲ್ಯಕ್ಕೆ ಒಂದೂವರೆ. ಇಷ್ಟು ವರ್ಷದಲ್ಲಿ ಒಲೆಯ ಮೇಲಿದ್ದ ಅಡುಗೆಯ ರುಚಿಯನ್ನು ನಾನು ಒಮ್ಮೆಯೂ ನೋಡಿಲ್ಲ. ಎಲ್ಲರ ಊಟವಾದ ಮೇಲೆ ನಾನು ಉಣ್ಣುತ್ತಿದ್ದೆ, ಆಗ ಉಪ್ಪು ಇರಬೇಕಾದಷ್ಟೇ ಇರುತ್ತಿತ್ತು. ನನ್ನ ಬಗ್ಗೆ ನನಗೆ ಜಂಬವಿದ್ದ ವಿಷಯ ಇದೊಂದೇ. ಅದನ್ನೂ ಯಾರಿಗೂ ಹೇಳಿದವಳಲ್ಲ.

ಬೆರಳ ನೋವು ಮೊದಲು ಬೆಳಗಿನ ಹೊತ್ತು ಬರತೊಡಗಿತು. ಎದ್ದ ಕೂಡಲೇ ಕೈ ಕಟ್ಟಿಗೆಯಂತೆ ಇರುತ್ತಿತ್ತು. ಬಿಸಿನೀರಿನ ಚೊಂಬನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕೂತರೆ ಸಡಿಲಾಗುತ್ತಿತ್ತು. ಆಮೇಲೆ ಚೊಂಬು ಹಿಡಿಯುವುದೇ ಕಷ್ಟವಾಯಿತು. ರಜೆಗೆ ಮನೆಗೆ ಬಂದಾಗ ನಿಮ್ಮ ಅವ್ವನ ಮುಂದೆ ಬಳೆ ಏರಿಸಲು ಹೋಗಿ ಸಿಕ್ಕಿಬಿದ್ದೆ. ಮಾರನೆಯ ವಾರವೇ ನಿಮ್ಮ ಅಪ್ಪ ನನ್ನನ್ನು ಕೊಪ್ಪಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ನನ್ನ ಒಂದೊಂದೇ ಬೆರಳನ್ನು ಒತ್ತಿ ನೋಡಿ, "ಏನ್ ಕೆಲಸಾ ಮಾಡ್ತೀರಿ ಅಮ್ಮಾ?" ಎಂದರು.

"ಅಡಗಿ" ಎಂದೆ.

"ಮನ್ಯಾಗೇನು?"

ನಾನು ತಲೆ ಆಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿರಲಿಲ್ಲ.

"ದಿನಾ ಎಷ್ಟ್ ಮಂದಿಗೆ?"

"ಎಪ್ಪತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮನ್ಯಾಗ ಎಪ್ಪತ್ತ್ ಮಂದಿ ಅದೀರೇನ್ರಿ?" ಎಂದು ನಿಮ್ಮ ಅಪ್ಪನನ್ನು ಕೇಳಿದರು. ನಿಮ್ಮ ಅಪ್ಪ ನಗು ತಡೆದುಕೊಂಡು ಹಾಸ್ಟೆಲಿನ ವಿಷಯ ಹೇಳಿದ.

ಅದು ಕೀಲುವಾತ. ರಕ್ತ ಪರೀಕ್ಷೆಯ ಚೀಟಿ ನೋಡಿ ಅವರು ನಿಧಾನವಾಗಿ ತಿಳಿಸಿ ಹೇಳಿದರು. "ಇದು ಬಂದು ಹೋಗೂ ಬ್ಯಾನಿ ಅಲ್ರಿ. ಗುಳಿಗಿ ತಗೊಂಡು ಹದ್ದಬಸ್ತಿನ್ಯಾಗ ಇಟ್ಕೋಬೇಕು. ತಣ್ಣೀರಾಗ ಕೈ ಹಾಕಬ್ಯಾಡ್ರಿ. ಭಾರ ಎತ್ತಬ್ಯಾಡ್ರಿ. ಹಿಂಡೂದು, ನಾದೂದು, ಬಡಿಯೂದು ಎಲ್ಲಾ ಬಂದ್."

ಇದೆಲ್ಲ ಬಂದ್ ಮಾಡಿದರೆ ಅಡುಗೆಯಲ್ಲಿ ಉಳಿಯುವುದು ಉಣ್ಣುವುದೊಂದೇ ಎಂದು ನನ್ನ ಮನಸ್ಸಿಗೆ ಬಂತು. ಬಾಯಿಗೆ ಬರಲಿಲ್ಲ. ಆರೋಗ್ಯದ ಕಾರಣ ಕೊಟ್ಟು ಸ್ವಯಂ ನಿವೃತ್ತಿಗೆ ಬರೆದುಕೊಡಬಹುದು, ಬೇಕಾದ ಸರ್ಟಿಫಿಕೇಟು ನಾನು ಕೊಡುತ್ತೇನೆ ಎಂದು ಅವರೇ ಹೇಳಿದರು. ಹಿಂದಿರುಗುವಾಗ ಬಸ್ಸಿನಲ್ಲಿ ನಿಮ್ಮ ಅಪ್ಪ ಅದನ್ನೇ ಹೇಳಿದ. ಬೇಡ ಎಂದಷ್ಟೇ ಹೇಳಿ, ಗಂಗಾವತಿ ಬರುವವರೆಗೂ ನಾನು ಕಿಟಕಿಯ ಹೊರಗೆ ಭತ್ತದ ಗದ್ದೆ ನೋಡಿದೆ.

ಯಾಕೆ ಬೇಡವೆಂದೆ ಎನ್ನುವುದನ್ನು ಈಗ ಬರೆಯುತ್ತೇನೆ. ನೀವು ನಗಬಾರದು. ನಮ್ಮ ಓಣಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರೆಲ್ಲ ಒಂದು ಕಟ್ಟೆಯ ಮೇಲೆ ಸೇರುತ್ತಾರಲ್ಲ, ನನಗೆ ಆ ಕಟ್ಟೆಯ ಹೆದರಿಕೆ. ಯಾರ ಮನೆಯ ಸೊಸೆ ಏನೆಂದಳು, ಯಾರ ಮಗಳಿಗೆ ಎಲ್ಲಿಂದ ಗಂಡು ಬಂತು ಎನ್ನುವ ಆ ಮಾತಿನಲ್ಲಿ ನಾನು ಎಲ್ಲಿ ಬಾಯಿ ಹಾಕಬೇಕೆಂದು ತಿಳಿಯದೆ ಸೆರಗಿನ ತುದಿ ಸುತ್ತುತ್ತ ಕೂತಿರುತ್ತೇನೆ. ನೌಕರಿ ಇರುವವರೆಗೆ ಒಂದು ನೆಪವಿತ್ತು. ರಜೆಯಲ್ಲಿ ಬಂದರೂ "ದಣದು ಬಂದಾಳ, ಮಲಗಲಿ" ಎಂದು ಬಿಟ್ಟುಬಿಡುತ್ತಿದ್ದರು. ನಿವೃತ್ತಿಯಾದರೆ ದಿನಾ ಮಧ್ಯಾಹ್ನ ಆ ಕಟ್ಟೆ. ಹಾಸ್ಟೆಲಿನಲ್ಲಾದರೆ ನನ್ನ ಮಾತನ್ನು ಸಾರೇ ಆಡುತ್ತಿತ್ತು. ಯಾರಿಗೋ ಜ್ವರವೆಂದರೆ ಮೆಣಸಿನ ಕಟ್ಟು ಸಾರು, ಯಾರೋ ಪರೀಕ್ಷೆಯಲ್ಲಿ ಪಾಸಾದರೆ ಸಿಹಿ ಸಜ್ಜಕ. ಅಷ್ಟರಲ್ಲೇ ಎಲ್ಲ ಹೇಳಿದಂತಾಗುತ್ತಿತ್ತು. ಅದನ್ನು ಬಿಟ್ಟರೆ ಮಂದಿಯ ಜೊತೆ ಇರುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ನಿಮ್ಮ ಅಪ್ಪ ಅರ್ಜಿಯ ನಮೂನೆ ಹಿಡಿದುಕೊಂಡು ಹಾಸ್ಟೆಲಿನ ಹಿಂದಿನ ಬಾಗಿಲಿಗೇ ಬಂದ. ಆಗ ನನ್ನ ಸಹಾಯಕಿ ಬಾಗಿಲ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳು ನನಗಿಂತ ಹತ್ತು ವರ್ಷ ಸಣ್ಣವಳು, ಗಂಗಾವತಿಯವಳೇ. ಅವಳ ಗಂಡ ಹಾಸಿಗೆ ಹೊಲಿಯುವ ಕೆಲಸ ಮಾಡುತ್ತಾನೆ. ಮನೆಯಲ್ಲಿ ಅವರು ಉರ್ದು ಮಾತಾಡುತ್ತಾರೆ, ನಮ್ಮ ಜೊತೆ ನಮಗಿಂತ ಜೋರಾಗಿ ಕನ್ನಡ. ಕಾಯಂ ನೌಕರಿಯವಳಲ್ಲ, ಗುತ್ತಿಗೆಯ ಮೇಲೆ ಬಂದವಳು. ನಾನು ಮಾತಾಡದ ಮಾತನ್ನೆಲ್ಲ ಸೇರಿಸಿ ಅವಳೇ ಆಡುತ್ತಿದ್ದಳು. ನಿಮ್ಮ ಅಪ್ಪನಿಗೂ ಹಾಸ್ಟೆಲಿನ ಹುಡುಗಿಯರಿಗೂ ಅವಳು ಚಿಗವ್ವ.

"ಅವ್ವಾ, ಒಂದ್ ಸಹಿ ಮಾಡಬೇ" ಎಂದ ನಿಮ್ಮ ಅಪ್ಪ.

"ಏನ್ ಅವಸರಾ ಐತಿ?"

"ಡಾಕ್ಟರು ಏನಂದ್ರು ಕೇಳಿಲ್ಲೇನು? ಕೈ ಪೂರ್ತಿ ಹೋದ ಮ್ಯಾಲೆ ಸಹಿ ಮಾಡಾಕ ಕೈಯರ ಎಲ್ಲಿರ್ತೈತಿ?"

ಸಹಾಯಕಿ ನಡುವೆ ಬಾಯಿ ಹಾಕಿದಳು. "ಏನಪಾ, ನಿಮ್ಮವ್ವನ್ನ ಕರಕೊಂಡ್ ಹೋಗಿ ಶೋಕೇಸಿನ್ಯಾಗ ಇಡ್ತೀಯೇನು? ಅಕ್ಕ ಇಲ್ಲೇ ಛಲೋ ಅದಾಳ."

"ನೀ ಸುಮ್ನಿರು ಚಿಗವ್ವಾ. ಆಕಿ ಕೈ ನೋಡು."

"ಕೈ ನಾ ದಿನಾ ನೋಡ್ತೀನಿ. ನೀ ತಿಂಗಳಿಗೊಮ್ಮೆ ನೋಡ್ತಿ."

ಇಬ್ಬರ ದನಿಯೂ ಏರಿತು. ಜಗಳ ನಿಲ್ಲಿಸಬೇಕೆಂದು ನಾನು ಏನೋ ಒಂದು ಹೇಳಿಬಿಟ್ಟೆ. "ನನ್ನ ಕೈ ಉಪ್ಪ ತಪ್ಪಿದ ದಿನಾ ಬಿಡ್ತೀನಿ. ಅಲ್ಲೀತನಾ ಕೇಳಬ್ಯಾಡ್ರಿ."

ನಾನು ಒಮ್ಮೆಲೇ ಅಷ್ಟು ಮಾತಾಡಿದ್ದು ಅವರಿಗೆ ಹೊಸದು. ನಿಮ್ಮ ಅಪ್ಪ ನಮೂನೆಯನ್ನು ಮಡಚಿ ಅಕ್ಕಿ ಡಬ್ಬಿಯ ಮೇಲೆ ಇಟ್ಟು ಹೋದ. ಸಹಾಯಕಿ ಆಮೇಲೆ ಅದೆಷ್ಟೋ ಹೊತ್ತು ಬೆಳ್ಳುಳ್ಳಿಯನ್ನು ಸುಮ್ಮನೆ ಸುಲಿದಳು. ಅವಳು ಮಾತಾಡದೆ ಇದ್ದದ್ದನ್ನು ನಾನು ಆಗಲೇ ಗಮನಿಸಬೇಕಿತ್ತು.

ದಸರೆ ಮುಗಿಯಿತು, ದೀಪಾವಳಿ ಮುಗಿಯಿತು, ಚಳಿ ಬಂತು. ಚಳಿಗೆ ಬೆರಳು ಇನ್ನೂ ಬಿಗಿದವು. ಆದರೆ ಉಪ್ಪು ಮಾತ್ರ ತಪ್ಪಲಿಲ್ಲ. ನಾನು ಮೂರು ಹಿಡಿ ಎಣಿಸಿ ಹಾಕಿ, ಮರುದಿನದ ಅಕ್ಕಿ ಬೇಳೆ ಅಳೆಯಲು ಉಗ್ರಾಣಕ್ಕೆ ಹೋಗಿ ಬರುತ್ತಿದ್ದೆ. ಹುಡುಗಿಯರು ಉಂಡು ಹೋಗುತ್ತಿದ್ದರು. ಕೊನೆಗೆ ನಾನು ಉಂಡರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ನಿಮ್ಮ ಅಪ್ಪ ವಾರಕ್ಕೊಮ್ಮೆ ಫೋನು ಮಾಡಿ, "ಉಪ್ಪ ತಪ್ಪಿತೇನಬೇ?" ಎನ್ನುತ್ತಿದ್ದ. "ಇಲ್ಲಪಾ" ಎನ್ನುತ್ತಿದ್ದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಗತ್ತು ಇರುತ್ತಿತ್ತೆಂದು ನಿಮ್ಮ ಅವ್ವ ಈಗ ಹೇಳುತ್ತಾಳೆ. ಇದ್ದರೂ ಇರಬಹುದು. ಡಾಕ್ಟರು ಕೈಯ ಎಲುಬು ನೋಡಿದ್ದಾರೆ, ಕೈಯ ಬುದ್ಧಿ ನೋಡಿಲ್ಲ ಎಂದುಕೊಂಡಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಸಹಾಯಕಿಯ ಅಕ್ಕನ ಮಗಳಿಗೆ ಕಾರಟಗಿಯಲ್ಲಿ ಮದುವೆ ಬಂತು. ಎಂಟು ದಿನ ರಜೆ ಕೇಳಿದಳು. ಹೋಗುವ ಹಿಂದಿನ ದಿನ ಸಂಜೆ ಹುಡುಗಿಯರ ಕೋಣೆಗಳಿಗೆಲ್ಲ ಹೋಗಿ ಬಂದಳು. ಮದುವೆಗೆ ಹೊರಟ ಹುರುಪಿನಲ್ಲಿ ಎಲ್ಲರಿಗೂ ಹೇಳಿ ಹೋಗುತ್ತಿದ್ದಾಳೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಅನ್ನ, ಹೆಸರುಬೇಳೆಯ ಸಾರು, ಬದನೆಕಾಯಿ ಪಲ್ಯ. ಬಡಿಸುವುದು ದೊಡ್ಡ ಹುಡುಗಿಯರ ಪಾಳಿ, ನಾನು ಊಟದ ಕೋಣೆಗೆ ಹೋಗುವುದು ಕಡಿಮೆ. ಪಾತ್ರೆ ನೆನೆ ಹಾಕುತ್ತಿದ್ದೆ. ಬಾಗಿಲಲ್ಲಿ ಆ ವರ್ಷವಷ್ಟೇ ಐದನೆಯ ತರಗತಿಗೆ ಸೇರಿದ್ದ ಒಂದು ಪುಟ್ಟ ಹುಡುಗಿ ಬಂದು ನಿಂತಳು. ಬಲಗೈ ಎಂಜಲಾಗಿತ್ತು. ಎಡಗೈಯಲ್ಲಿ ಕಂಪಾಸ್ ಬಾಕ್ಸ್ ತೆರೆದು ನನ್ನ ಮುಂದೆ ಹಿಡಿದಳು.

"ಅಜ್ಜಿ, ನನ್ನ ಉಪ್ಪು ತೀರೇತ್ರಿ. ಒಂಚೂರ ಹಾಕ್ರಿ."

ಬಾಕ್ಸಿನಲ್ಲಿ ಕೋನಮಾಪಕ, ಮೋಟು ಪೆನ್ಸಿಲು, ಮೂಲೆಯಲ್ಲಿ ಎರಡು ಹರಳು ಉಪ್ಪು.

"ಯಾಕವಾ, ಇದ್ರಾಗ್ಯಾಕ ಉಪ್ಪು?" ಎಂದೆ.

"ಚಿಗವ್ವ ಹೇಳ್ಯಾಳ್ರಿ. ಎಂಟ ದಿನಾ ಉಪ್ಪು ನೀವ ನೋಡಿಕೊಳ್ರಿ, ಅಜ್ಜಿಗೆ ಹೇಳಬ್ಯಾಡ್ರಿ ಅಂತ." ಅಷ್ಟು ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ಅರ್ಥವಾಯಿತು. ಬಾಕ್ಸ್ ಟಪ್ಪನೆ ಮುಚ್ಚಿ ಓಡಿಹೋದಳು.

ನಾನು ಊಟದ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಸಾಲಾಗಿ ಎಪ್ಪತ್ತು ತಟ್ಟೆ, ಪ್ರತಿ ತಟ್ಟೆಯ ಪಕ್ಕದಲ್ಲಿ ಒಂದು ಕಂಪಾಸ್ ಬಾಕ್ಸ್. ನನ್ನನ್ನು ನೋಡಿದ ಕೂಡಲೇ ಮುಚ್ಚಳಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಮುಂದೆ ಊರಾಳುವ ಲಕ್ಷಣ ಇದ್ದವಳು, ಎದ್ದು ನಿಂತಳು.

"ಗಣಿತದ ಹೋಮ್‌ವರ್ಕ್ ಇತ್ರಿ ಅಜ್ಜಿ."

"ಎಲ್ಲಾರದೂ?"

"ಹೂನ್ರಿ. ಎಲ್ಲಾರದೂ."

ಮೇಜಿನ ಆ ತುದಿಯಲ್ಲಿ ನಮ್ಮ ವಾರ್ಡನ್ ಮೇಡಮ್ಮೂ ಉಣ್ಣುತ್ತಿದ್ದರು. ವಯಸ್ಸಿನಲ್ಲಿ ನನ್ನ ಮಗಳಂಥವರು, ಒಳ್ಳೆಯವರು. ಅವರ ತಟ್ಟೆಯ ಹತ್ತಿರ ಒಂದು ಕಾಗದದ ಪೊಟ್ಟಣವಿತ್ತು. ಅದರ ಮೇಲೆ ನಿಧಾನವಾಗಿ ಮೊಬೈಲು ಇಟ್ಟರು.

ನಾನು ಒಳಗೆ ಬಂದು ಒಂದು ಬಟ್ಟಲಲ್ಲಿ ಸಾರು ಹಾಕಿಕೊಂಡು ಕುಡಿದೆ. ಸಪ್ಪೆ. ಮರೆವಿನಲ್ಲಿ ಆದ ಸಪ್ಪೆಯಲ್ಲ, ಲೆಕ್ಕ ತಪ್ಪದೆ ಹಾಕಿದ ಸಪ್ಪೆ. ಉಪ್ಪಿನ ಡಬ್ಬಿ ತೆರೆದು ಒಂದು ಹಿಡಿ ತೆಗೆದು ಕೈ ಮೇಲೆತ್ತಿ ನೋಡಿದೆ. ಬೆರಳು ಮಡಚುತ್ತಿದ್ದದ್ದು ಮುಕ್ಕಾಲು ಮಾತ್ರ. ಸಂದಿನಿಂದ ಹರಳುಗಳು ಒಂದೊಂದಾಗಿ ಡಬ್ಬಿಗೇ ಮರಳಿ ಬೀಳುತ್ತಿದ್ದವು. ನನ್ನ ಹಿಡಿ ಹಿಡಿಯಾಗಿ ಉಳಿದಿರಲಿಲ್ಲ. ನಾನು ಮಾತ್ರ ಮೂರು ಎಣಿಸುತ್ತಲೇ ಇದ್ದೆ.

ಮೊದಲು ಅವಮಾನವಾಯಿತು. ಆಮೇಲೆ ಆ ಮುಚ್ಚಳಗಳ ಟಪ್ ಟಪ್ ನೆನಪಾಗಿ ನಗು ಬಂತು. ಒಬ್ಬಳೇ ಒಲೆಯ ಮುಂದೆ ನಿಂತು ನಕ್ಕೆ. ಸಂಜೆ ವಾರ್ಡನ್ ಮೇಡಂ ಅಡುಗೆಮನೆಗೆ ಬಂದರು.

"ಬೇಜಾರ್ ಮಾಡ್ಕೊಂಡ್ರೇನ್ರಿ ಅಮ್ಮಾ?"

"ಇಲ್ರಿ."

"ಹಿಡಿ ಯಾಕ್ರಿ? ಒಂದ್ ಸಣ್ಣ ಗ್ಲಾಸ್ ಇಟ್ಕೊಳ್ರಿ. ಗ್ಲಾಸಿಗೆ ಕೀಲುವಾತ ಬರೂದಿಲ್ಲ."

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ರಾತ್ರಿಯ ಅಡುಗೆಗೆ ಸ್ಟೀಲಿನ ಸಣ್ಣ ಲೋಟ ತೆಗೆದುಕೊಂಡೆ. ಒಂದು ತುಂಬ, ಮತ್ತೆ ಕಾಲು. ಉಪ್ಪು ಕೂಡಿ ಬಂತು. ಅತ್ತೆಯ ಮಾತೂ ಕೆಡಲಿಲ್ಲ, ನಾಲಿಗೆ ಹಚ್ಚುವ ಪ್ರಸಂಗವೂ ಬರಲಿಲ್ಲ. ಕಂಪಾಸ್ ಬಾಕ್ಸುಗಳು ಮತ್ತೆ ಗಣಿತಕ್ಕೆ ಹೋದವು. ನಾನು ಗೆದ್ದೆ ಎಂದುಕೊಂಡೆ. ನಿಮ್ಮ ಅಪ್ಪ ಫೋನು ಮಾಡಿದಾಗ ಈ ವಿಷಯ ತೆಗೆಯಲಿಲ್ಲ. ತಪ್ಪಿದ್ದು ಹಿಡಿಯೇ ಹೊರತು ಕೈ ಅಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಆದರೆ ಉಪ್ಪು ಒಂದು ದಿನದ ಕಥೆ. ಉಳಿದ ಏಳು ದಿನ ಇನ್ನೂ ಇದ್ದವು.

ಎರಡನೆಯ ದಿನ ಬೆಳ್ಳುಳ್ಳಿ ಸುಲಿಯಲು ಕೂತೆ. ಉಗುರು ಒತ್ತಲಿಲ್ಲ. ಅದೇಕೆ ಇಷ್ಟು ದಿನ ಇದು ಗೊತ್ತಾಗಲಿಲ್ಲ ಎಂದು ಯೋಚಿಸಿದೆ. ನಾನು ಅಡುಗೆಮನೆಗೆ ಬರುವ ಹೊತ್ತಿಗೆ ಬೆಳ್ಳುಳ್ಳಿ ಯಾವಾಗಲೂ ಸುಲಿದೇ ಇರುತ್ತಿತ್ತು. ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆಯಲು ಆಗಲಿಲ್ಲ. ಇಷ್ಟು ದಿನ ಆ ಮುಚ್ಚಳ ಡಬ್ಬಿಯ ಮೇಲೆ ಸುಮ್ಮನೆ ಕೂತಿರುತ್ತಿತ್ತು, ಯಾರೂ ಬಿಗಿಯಾಗಿ ತಿರುಗಿಸಿರುತ್ತಿರಲಿಲ್ಲ. ಗಂಜಿ ಬಸಿಯಲು ಅನ್ನದ ಪಾತ್ರೆ ಬಗ್ಗಿಸಬೇಕಾದಾಗ ಕಾವಲುಗಾರನನ್ನು ಕರೆದೆ. ಅವನು ಬಂದು ಪಾತ್ರೆಯ ಒಂದು ಕಡೆ ಹಿಡಿದು, "ಇನ್ನೊಂದ್ ಕಡೆ ಯಾರ್ ಹಿಡಿತಾರ್ರಿ?" ಎಂದ. "ನಾನ" ಎಂದೆ. ಅವನು ನನ್ನ ಕೈ ನೋಡಿ ದೊಡ್ಡ ಹುಡುಗಿಯರಿಬ್ಬರನ್ನು ಕರೆದ. ನಾನು ಇಷ್ಟು ತಿಂಗಳು ಆ ಪಾತ್ರೆಯನ್ನು ಸಹಾಯಕಿಯ ಜೊತೆ ಸೇರಿ ಎತ್ತುತ್ತಿದ್ದೇನೆ ಎಂದು ತಿಳಿದಿದ್ದೆ. ಎತ್ತುತ್ತಿದ್ದವಳು ಅವಳು. ನಾನು ಬರೀ ಮುಟ್ಟಿಕೊಂಡು ನಡೆಯುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಬಾಚಣಿಗೆ ಹಿಡಿಯಲು ಆಗಲಿಲ್ಲ. ಕೂದಲು ಬಿಚ್ಚಿಕೊಂಡೇ ಉಪ್ಪಿಟ್ಟು ಮಾಡಲು ಸಾಧ್ಯವಿಲ್ಲವಲ್ಲ, ಸುಮ್ಮನೆ ಮೆಟ್ಟಿಲ ಮೇಲೆ ಕೂತೆ. ಆ ಊರಾಳುವ ಹುಡುಗಿ ಹಲ್ಲುಜ್ಜುತ್ತ ಬಂದವಳು ನೋಡಿ, ಬಾಯಿ ಮುಕ್ಕಳಿಸಿ, ನನ್ನ ಹಿಂದೆ ಕೂತು ಜಡೆ ಹಾಕತೊಡಗಿದಳು. "ಅಜ್ಜಿ, ಒಂದ್ ಹಾಕಲೋ ಎರಡೋ? ಸಾಲಿಗೆ ಹೋಗೂದಿದ್ರ ಎರಡ್ ಹಾಕಬೇಕ್ರಿ" ಎಂದಳು. "ಒಂದ ಸಾಕವಾ, ನಂದು ಸಾಲಿ ಮುಗದೈತಿ" ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ನಾನು ನಿರ್ಧಾರ ಮಾಡಿದ್ದು ಅಲ್ಲಿಯೇ, ಆ ಮೆಟ್ಟಿಲ ಮೇಲೆ.

ಉಪ್ಪಿನಿಂದ ಅಲ್ಲ. ಉಪ್ಪಿಗೆ ಲೋಟ ಸಿಕ್ಕಿತ್ತು. ಗುತ್ತಿಗೆಯ ಮೇಲಿರುವ ಒಬ್ಬ ಹೆಂಗಸು ತನ್ನ ಕೆಲಸದ ಮೇಲೆ ನನ್ನ ಕೆಲಸವನ್ನೂ ಹೊತ್ತುಕೊಂಡು, ಅದು ನನಗೆ ಕಾಣಬಾರದೆಂದು ಮುಚ್ಚಳಗಳನ್ನೂ ಸಡಿಲ ಮಾಡಿಡುತ್ತಿದ್ದಳು. ನಾನು ಓಣಿಯ ಒಂದು ಕಟ್ಟೆಗೆ ಹೆದರಿ ಅದನ್ನು ಹೊರಿಸುತ್ತಿದ್ದೆ. ಇದು ತಿಳಿಯದಿದ್ದಾಗ ಒಂದು ಮಾತು. ತಿಳಿದ ಮೇಲೂ ಮುಂದುವರಿದರೆ ಅದಕ್ಕೆ ಒಳ್ಳೆಯ ಹೆಸರಿಲ್ಲ.

ಅವಳು ಮದುವೆಯ ಸಿಹಿ ಕಟ್ಟಿಕೊಂಡು, ಕೈತುಂಬ ಮೆಹೆಂದಿ ಹಾಕಿಕೊಂಡು ಬಂದಳು. ಬಂದವಳೇ ಉಪ್ಪಿನ ಡಬ್ಬಿಯಲ್ಲಿ ಲೋಟ ನೋಡಿದಳು.

"ಯಾರ ಹೇಳಿದ್ರು?" ಎಂದಳು.

"ಕಂಪಾಸ್ ಬಾಕ್ಸ್ ಹೇಳಿತು."

"ಅರೆ, ಈ ಹುಡುಗ್ಯಾರ ಹೊಟ್ಟ್ಯಾಗ ಒಂದ್ ಮಾತು ನಿಲ್ಲೂದಿಲ್ಲ."

"ಯಾವಾಗಿಂದ?"

"ಏನ್ ಯಾವಾಗಿಂದ? ನೀ ಉಗ್ರಾಣಕ್ಕ ಹೋಗ್ತಿದ್ದಿ, ನಾ ಒಂದ್ ಹಿಡಿ ಹಾಕ್ತಿದ್ದೆ. ದಸರಾದಿಂದ. ಅದಕ್ಕೇನಾತೀಗ?"

"ಯಾಕ ಹೇಳಲಿಲ್ಲ?"

"ಹೇಳಿದ್ರ ಹೋಗ್ತೀನಿ ಅಂದಿದ್ದಿ. ಮಗನ ಮುಂದ. ನನ್ನ ಮುಂದ. ನೀ ವರ್ಷಕ್ಕ ಒಂದ ಮಾತಾಡಾಕಿ, ಆಡಿದ್ದ ನಡಸಾಕಿ. ನಾ ಏನ್ ಮಾಡಬೇಕಿತ್ತು?" ಎಂದು ಸಿಹಿಯ ಗಂಟು ಬಿಚ್ಚಿ ಒಂದು ತುಂಡು ನನ್ನ ಬಾಯಿಗೆ ತುರುಕಿದಳು. "ಈಗ ಗ್ಲಾಸ್ ಬಂದೈತಿ. ನಡೀತೈತಿ. ಫಿಕರ್ ಬಿಡು."

"ಉಪ್ಪಿಗೆ ಗ್ಲಾಸ್ ಬಂತು. ಬಳ್ಳೊಳ್ಳಿಗೆ?"

"ಅದು ನಾ ಸುಲೀತೀನಿ."

"ಅನ್ನದ ಬೋಗಾಣಿ?"

"ಅದು ನಾ ಎತ್ತತೀನಿ. ಇಷ್ಟ್ ದಿನಾ ಯಾರ ಎತ್ತಿದ್ರು?"

"ಅದಕ್ಕ ಹೊಂಟೀನಿ" ಎಂದೆ.

ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳು ಮಾತು ಬಿಟ್ಟರೆ ಅಡುಗೆಮನೆ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ. ಕುಕ್ಕರಿನ ಸೀಟಿಗೂ ನಾನು ಬೆಚ್ಚಿಬೀಳುತ್ತಿದ್ದೆ. ಮೂರನೆಯ ದಿನ ಬೆಳ್ಳುಳ್ಳಿ ಸುಲಿಯುತ್ತ, ನನ್ನ ಕಡೆ ನೋಡದೆ, ಗೋಡೆಗೆ ಹೇಳುವಂತೆ, "ಹೋಗೋರು ಆರಾಮ ಹೋಗ್ತಾರ. ಇರೋರಿಗೆ ಎಂಥಾ ಮಹಾರಾಯ ಬರ್ತಾನೋ ಯಾರಿಗ್ಗೊತ್ತು" ಎಂದಳು. ಅದು ಸುಳ್ಳಲ್ಲ. ನನ್ನ ಜಾಗ ಅವಳಿಗೆ ಸಿಗುವುದಿಲ್ಲ. ಬೇರೆ ಊರಿಂದ ಒಬ್ಬರನ್ನು ಕಾಯಂ ಆಗಿ ಹಾಕುತ್ತಾರೆ.

ಅಕ್ಕಿ ಡಬ್ಬಿಯ ಮೇಲಿನ ನಮೂನೆಯ ಮೇಲೆ ಅರಿಸಿನದ ಕಲೆ ಬಿದ್ದಿತ್ತು. ಒರೆಸಿ, ತುಂಬಿ, ವಾರ್ಡನ್ ಮೇಡಂ ಮೇಜಿನ ಮೇಲೆ ಇಟ್ಟೆ. ಕಾರಣ ಎಂಬಲ್ಲಿ ಅನಾರೋಗ್ಯ ಎಂದು ಬರೆದಿದ್ದೆ.

"ಇನ್ನೊಮ್ಮೆ ವಿಚಾರ ಮಾಡ್ರಿ ಅಮ್ಮಾ" ಎಂದರು. "ಅರ್ಜಿ ಕೊಟ್ಟ ಮ್ಯಾಲೂ ಮೂರು ತಿಂಗಳ ಇರ್ಬೇಕು. ಅಷ್ಟ್ರಾಗ ಮನಸ್ಸು ಬದಲಾದ್ರ ಹೇಳ್ರಿ."

ಸಾಮಾನ್ಯವಾಗಿ ನಾನು ತಲೆ ಆಡಿಸಿ ಹೊರಗೆ ಬರುತ್ತಿದ್ದೆ. ಆ ದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೆ. "ಆ ಮೂರು ತಿಂಗಳ ನಾನು ಒಲಿ ಮುಂದ ನಿಲ್ಲೂದಿಲ್ರಿ" ಎಂದೆ. "ಅಡಗಿ ಆಕಿ ಮಾಡಲಿ. ನಾ ಕುಂತು ಕಾಳು ಹಸನ ಮಾಡ್ತೀನಿ. ಆಕಿಗೆ ಕೈಯಾಳು ಒಬ್ರನ್ನ ಕೊಡ್ರಿ, ಎರಡ್ ಮಂದಿ ಕೆಲಸ ಆಕಿ ಒಬ್ಬಾಕಿನ ಮಾಡ್ಯಾಳ. ಹೊಸಬರು ಬಂದ್ರೂ ಆಕಿಗೆ ಬರೀ ಪಾತ್ರಿ ತಿಕ್ಕಾಕ ಹಚ್ಚಬಾರದು. ಆಕಿ ಅಡಗಿ ನನ್ನ ಅಡಗಿಕಿಂತ ಛಲೋ ಐತಿ, ನೀವೂ ಉಂಡೀರಿ."

ಮೇಡಂ ನನ್ನನ್ನೇ ನೋಡುತ್ತಿದ್ದರು. "ಇಷ್ಟ್ ವರ್ಷ ಎಲ್ಲಿ ಇಟ್ಟಿದ್ರಿ ಈ ಬಾಯಿನ?" ಎಂದರು. ಒಬ್ಬ ಕೈಯಾಳನ್ನು ಕೊಟ್ಟರು, ಅದೂ ಆ ತಿಂಗಳೇ.

ಆ ಮೂರು ತಿಂಗಳು ನಾನು ಸ್ಟೂಲಿನ ಮೇಲೆ ಕೂತು ಬೇಳೆಯ ಕಲ್ಲು ಆರಿಸಿದೆ. ಒಲೆಯ ಕಡೆ ಬೆನ್ನು ಮಾಡಿ ಕೂತದ್ದು ಅದೇ ಮೊದಲು. ಎದುರಿಗೆ ಬಾಗಿಲು, ಬಾಗಿಲಲ್ಲಿ ಹುಡುಗಿಯರು. ಒಬ್ಬೊಬ್ಬರೇ ಬಂದು ನೆಲದ ಮೇಲೆ ಕೂತು ಕಲ್ಲು ಆರಿಸುತ್ತ ಮಾತಾಡುತ್ತಿದ್ದರು. ಯಾರ ಅಪ್ಪ ಯಾವ ಊರಿಗೆ ದುಡಿಯಲು ಹೋಗಿದ್ದಾನೆ, ಯಾವ ಟೀಚರಿಗೆ ಯಾರ ಮೇಲೆ ಸಿಟ್ಟು, ಎಲ್ಲ ತಿಳಿಯಿತು. ನಾನು "ಹೂಂ", "ಹೌದಾ", "ಮುಂದ?" ಅನ್ನುತ್ತಿದ್ದೆ. ಮಾತಿನಲ್ಲಿ ನನ್ನ ಪಾಲು ಅಷ್ಟಿದ್ದರೂ ಸಾಕಾಗುತ್ತದೆ ಎಂದು ಅಲ್ಲಿ ಗೊತ್ತಾಯಿತು. ಮನಸ್ಸು ಬದಲಾಯಿತೇ ಎಂದು ಮೇಡಂ ಎರಡು ಸಲ ಕೇಳಿದರು. ಬದಲಾಗಲಿಲ್ಲ.

ಮನೆಗೆ ಬಂದ ದಿನ ನಿಮ್ಮ ಅವ್ವ ಬಾಗಿಲಲ್ಲೇ ಕಟ್ಟಳೆ ಹಾಕಿದಳು, ನಿಮಗೂ ನೆನಪಿರಬೇಕು. "ಅತ್ತೀ, ಮನಿ ಪೂರಾ ನಿಮ್ಮದು. ಒಲಿ ಒಂದು ನಂದು. ನಿಮಗ ಕೈಯಾಡಸಬೇಕು ಅನಿಸಿದ್ರ ನನ್ನ ಬೆನ್ನ ಮ್ಯಾಲ ಆಡಸ್ರಿ, ಎಣ್ಣಿ ಹಚ್ಚಿದಂಗ ಆಗ್ತೈತಿ." ಮೊದಲ ತಿಂಗಳು ಅವಳ ಸಾರಿಗೆ ಒಂದು ಹನಿ ಹುಳಿ ಹೆಚ್ಚು ಅನ್ನಿಸುತ್ತಿತ್ತು. ಈಗ ಅದೇ ಸರಿ ಅನ್ನಿಸುತ್ತದೆ. ಕಟ್ಟೆಗೂ ಹೋಗುತ್ತೇನೆ, ದಿನಾ ಅಲ್ಲ. ನಾನು "ಮುಂದ?" ಎಂದರೆ ಸಾಕು, ಅವರೇ ಸಂಜೆಯವರೆಗೆ ನಡೆಸಿಕೊಂಡು ಹೋಗುತ್ತಾರೆ. ಕೈ ನೋವು ಹೋಗಿಲ್ಲ, ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಬಾಚಣಿಗೆ ಹಿಡಿಯುತ್ತೇನೆ. ನೋಡಿ, ಇಷ್ಟು ಪುಟ ಬರೆದಿದ್ದೇನೆ.

ಸಹಾಯಕಿ ಆಗಾಗ ಫೋನು ಮಾಡುತ್ತಾಳೆ. ಹೊಸ ಅಡುಗೆಯವನು ಕುಷ್ಟಗಿ ಕಡೆಯವನು, ಕೆಲಸ ಬಲ್ಲವನೇ. ಅವಳಿಗೆ ಪಲ್ಯ, ರೊಟ್ಟಿ ಎರಡೂ ಬಿಟ್ಟುಕೊಟ್ಟಿದ್ದಾನೆ. ದೂರು ಒಂದೇ.

"ಮಾತೂ ಮಾತೂ ಮಾತು ಅಕ್ಕಾ. ಮುಂಜಾನೆ ಗ್ಯಾಸ್ ಹಚ್ಚೋದ್ರೊಳಗ ಶುರು ಮಾಡ್ತಾನ. ನನಗ ಬಾಯಿ ಹಾಕಾಕ ಸಂದಿ ಇಲ್ಲ. ಈ ಸಂಕಟ ಏನಂತ ನನಗೀಗ ತಿಳೀತು. ನೀ ಅಷ್ಟ್ ವರ್ಷ ಹೆಂಗ ಕೇಳಿದಿ?"

"ಒಗ್ಗರಣಿ ಹಾಕ್ತಿದ್ದೆ" ಎಂದೆ.

ಅವಳು ನಕ್ಕು ನಕ್ಕು ಕೆಮ್ಮಿದಳು. ಆಮೇಲೆ, "ಈಗ ಏನ್ ಮಾಡಾಕತ್ತಿ?" ಎಂದಳು.

"ಕುಂತೀನಿ."

"ಕೈ?"

ನಾನು ತೊಡೆಯ ಮೇಲೆ ನೋಡಿಕೊಂಡೆ. ಫೋನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಇಟ್ಟಿದ್ದೆ.

"ಕೈನೂ ಕುಂತಾವ" ಎಂದೆ.